ಪಕ್ಕದವಳ ಪರಿಚಯ

ನಮ್ಮ ದೊಡ್ಡಮ್ಮನ ಮಗಳಿಗೆ ಈ ಭೂಮಿಯ ಮೇಲೆ ಪರಿಚಯವೇ ಇಲ್ಲದ ವ್ಯಕ್ತಿ ಅಂತ ಇರುವುದು ಒಬ್ಬಳೇ. ಅದು ಅವಳೇ!

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ನನ್ನ ಬಳಿ ದಾಖಲೆಯಿದೆ. ಎಂಟನೇ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. "ಇಂದು ಯಾಕೋ ಬೇಸರವಾಯಿತು" ಎಂದು ಬರೆದು ಮಡಚಿಡುವ ಜಾತಿಯ ದಿನಚರಿಯಲ್ಲ. ತಾರೀಖು, ವಾರ, ಸಮಯ, ಎಷ್ಟು ಸಲ, ಎಷ್ಟು ಹೊತ್ತು, ಎಲ್ಲವೂ ಇರುತ್ತದೆ. ಅದರ ಪ್ರಕಾರ ಎಂಟನೇ ತರಗತಿಯಿಂದ ದ್ವಿತೀಯ ಪಿಯುಸಿ ಮುಗಿಯುವವರೆಗೆ "ಎದ್ದು ನಿಂತು ನಿನ್ನ ಪರಿಚಯ ಮಾಡ್ಕೊ" ಎಂದು ಅವಳಿಗೆ ಯಾರಾದರೂ ಹೇಳಿದ ಸಂದರ್ಭಗಳು ಮೂವತ್ತೊಂದು. ಅವಳು ತನ್ನ ಪರಿಚಯ ಮಾಡಿಕೊಂಡದ್ದು ಸೊನ್ನೆ. ಪಕ್ಕದಲ್ಲಿ ಕೂತವಳ ಪರಿಚಯ ಮಾಡಿಕೊಟ್ಟದ್ದು ಇಪ್ಪತ್ತೇಳು. ಉಳಿದ ನಾಲ್ಕು? ಆ ನಾಲ್ಕು ಸಲ ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಹಿಂದಿನ ಬೆಂಚಿನವಳದ್ದು ಮಾಡಿಕೊಟ್ಟಳು!

ಅವಳು ನನಗಿಂತ ನೂರ ಇಪ್ಪತ್ತೆರಡು ದಿನ ದೊಡ್ಡವಳು. ನಾಲ್ಕು ತಿಂಗಳಿಗೆಲ್ಲ ಅಕ್ಕ ಅನ್ನಬೇಕೇ ಎಂದು ಒಮ್ಮೆ ವಾದ ಹೂಡಿದ್ದೆ. "ನೂರಿಪ್ಪತ್ತೆರಡು ದಿನ ಈ ಮನೆ ಜನಾನೆಲ್ಲ ನಾನೊಬ್ಳೇ ಸಹಿಸ್ಕಂಡಿವ್ನಿ ಕಣಮ್ಮಿ. ಅದಕ್ಕಾದ್ರೂ ಅನ್ನು" ಎಂದಳು. ಅಂದಿನಿಂದ ಅಕ್ಕ. ನಮ್ಮೂರು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿದೆ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇರುವುದು ಎರಡು ಮನೆ, ಒಂದು ಕೊಳಾಯಿ. ಒಂದೇ ಶಾಲೆ, ಒಂದೇ ಕಾಲೇಜು, ಒಂದೇ ಬೆಂಚು. ಹೀಗಾಗಿ ಆ ಇಪ್ಪತ್ತೇಳರಲ್ಲಿ ಹನ್ನೆರಡು ಸಲ ಅವಳ ಬಾಯಿಗೆ ಸಿಕ್ಕಿದವಳು ನಾನೇ.

ಈ ಚಾಳಿ ಬರೀ ನಗೆಯ ವಿಷಯವಾಗಿ ಉಳಿದಿದ್ದರೆ ಚೆನ್ನಾಗಿತ್ತು. ಆದರೆ ಚಾಮರಾಜನಗರದಲ್ಲಿ ಡಿಗ್ರಿ ಓದುವ ಹುಡುಗಿಯರಿಗಾಗಿ ಒಂದು ಟ್ರಸ್ಟಿನವರ ಉಚಿತ ಹಾಸ್ಟೆಲ್ ಇದೆ. ಈ ವರ್ಷ ಅಲ್ಲಿ ಉಳಿದಿದ್ದದ್ದು ಒಂದೇ ಸೀಟು. ಅದನ್ನು ಕೊಡುವ ಮೊದಲು ಅವರು ಕೇಳುವುದೂ ಒಂದೇ ಪ್ರಶ್ನೆ: "ನಿನ್ನ ಬಗ್ಗೆ ಹೇಳಮ್ಮ."

ದೊಡ್ಡಪ್ಪ, ಅಂದರೆ ಅವಳ ಅಪ್ಪ, ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ತೂಕ ಹಾಕುತ್ತಾರೆ. ಮಾತನ್ನೂ ತೂಕ ಹಾಕಿಯೇ ಆಡುತ್ತಾರೆ. ಪಿಯುಸಿ ಫಲಿತಾಂಶ ಬಂದ ದಿನ ಮಗಳಿಗೆ ಹೇಳಿದ್ದು ಇಷ್ಟೇ: "ಹಾಸ್ಟೆಲ್ ಸೀಟ್ ಸಿಕ್ತಾ, ಓದು. ಸಿಗ್ನಿಲ್ವಾ, ಬದನಗುಪ್ಪೆ ಗಾರ್ಮೆಂಟ್ಸ್‌ಗೆ ಓಗು. ಮನೇಲಿ ಮಡೀಕಂಡು ಓದ್ಸಕ್ಕೆ ನನ್ ಕೈಲಾಗಕ್ಕಿಲ್ಲ ಕಣಮ್ಮಿ."

ಮೂರನೆಯ ದಾರಿ ಅವರ ತಕ್ಕಡಿಯಲ್ಲಿ ಇರಲಿಲ್ಲ. ಆದ್ದರಿಂದ ಮುಂದಿನ ಪ್ರಸಂಗಗಳಿಗೆ ನೀವು ಧಾರಾಳವಾಗಿ ನಗಬಹುದು. ಸೀಟು ಒಂದೇ ಎನ್ನುವುದನ್ನು ಮಾತ್ರ ಮರೆಯಬೇಡಿ. ಆ ಸೀಟಿಗೆ ನಾನೂ ಅರ್ಜಿ ಹಾಕಿದ್ದೆ ಎನ್ನುವುದನ್ನೂ.

ಮೊದಲ ದಾಖಲೆ ಎಂಟನೇ ತರಗತಿಯ ಮೊದಲ ಸೋಮವಾರದ್ದು. ಹೊಸದಾಗಿ ಬಂದ ಮಿಸ್ಸು "ಹೆಸರು, ಊರು, ಹವ್ಯಾಸ, ಮುಂದೆ ಏನಾಗ್ಬೇಕು, ನಾಲ್ಕೂ ಹೇಳಿ" ಎಂದರು. ನಲವತ್ತೆರಡು ಹುಡುಗಿಯರು. ಹವ್ಯಾಸ ಎಲ್ಲರದ್ದೂ ಹಾಡು ಕೇಳುವುದು. ಗುರಿಯಲ್ಲಿ ಡಾಕ್ಟರ್ ಹತ್ತೊಂಬತ್ತು, ಐಎಎಸ್ ಹನ್ನೊಂದು, ಪೊಲೀಸ್ ಆರು, ಟೀಚರ್ ನಾಲ್ಕು. ಬ್ಯಾಂಕ್ ಮ್ಯಾನೇಜರ್ ಒಬ್ಬಳು, ಅದು ನಾನು. ಒಟ್ಟು ಕೂಡಿದರೆ ನಲವತ್ತೊಂದು ಬರುತ್ತದೆ ಅಲ್ಲವೇ? ಅಕ್ಕನೂ ಇದರಲ್ಲಿ ಇರಬೇಕಲ್ಲ? ಇರಲಿಲ್ಲ! ಅವಳನ್ನು ಬಿಟ್ಟೇ ನಲವತ್ತೊಂದು.

ಅವಳ ಸರದಿ ಬಂದಾಗ ಎದ್ದು ನಿಂತು, "ಮಿಸ್, ನಂದು ಇರ್ಲಿ. ಈ ನನ್ ಪಕ್ಕದೋಳು ಡಾಕ್ಟ್ರಾಗ್ತೀನಿ ಅಂದ್ಲಲ್ಲ, ಅದು ಸುಳ್ಳು ಮಿಸ್" ಎಂದಳು.

ಪಕ್ಕದವಳ ಕಣ್ಣಲ್ಲಿ ನೀರು.

"ಸೂಜಿ ಕಂಡ್ರೆ ಮೂರು ಬೀದಿ ಓಡ್ತಾಳೆ ಮಿಸ್. ಮೊನ್ನೆ ಇಂಜೆಕ್ಷನ್ ಹಾಕಕ್ಕೆ ಬಂದಾಗ ಹುಲ್ಲಿನ ಮೆದೆ ಒಳಗೆ ಸಿಕ್ಕಿದ್ಲು. ಆದ್ರೆ ಇವಳ ಜಡೆ ತಿರುಗ್ಸಿ ನೋಡಿ. ಐದು ಕಾಲಿನ ಜಡೆ! ಕನ್ನಡಿ ಇಲ್ದೆ ಇವಳೇ ಹಾಕ್ಕಂಡಿರೋದು. ನಮ್ಮ ಬೀದೀಲಿ ಮದುವೆ ಆದ್ರೆ ಹೆಣ್ಣಿನ ಮನೆಯೋರು ಇವಳ ಮನೆ ಬಾಗ್ಲಲ್ಲಿ ಕಾಯ್ತಾರೆ."

ಮಿಸ್ಸು ಎದ್ದು ಬಂದು ಜಡೆ ನೋಡಿದರು. ಆಮೇಲೆ ನಾವೆಲ್ಲ ನೋಡಿದೆವು. ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ಒಂಬತ್ತು ಹುಡುಗಿಯರ ತಲೆಯಲ್ಲಿ ಐದು ಕಾಲಿನ ಜಡೆ ಇತ್ತು. ಹತ್ತನೆಯದು ಮಿಸ್ಸಿನದು!

ಎರಡನೆಯದು ಚೆಂಡು ಹೂವಿನ ಹೊಲದ ಕಥೆ. ಓಣಂ ಸಮಯಕ್ಕೆ ಗುಂಡ್ಲುಪೇಟೆಯ ಸುತ್ತ ಹೊಲಗಳೆಲ್ಲ ಕೇಸರಿ ಬಣ್ಣ ಆಗಿರುತ್ತವೆ. ಕೇರಳದ ಕಾರುಗಳು ಸಾಲಾಗಿ ನಿಂತು, ಜನ ಇಳಿದು, ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ದೊಡ್ಡಪ್ಪನ ಹೊಲಕ್ಕೂ ಒಂದು ಕುಟುಂಬ ಬಂತು. ಅಕ್ಕ ಬುಟ್ಟಿ ಹಿಡಿದು ಹೂವು ಕೀಳುತ್ತಿದ್ದಳು. ಅವರಿಗೆ ಅವಳ ಜೊತೆ ಒಂದು ಫೋಟೋ ಬೇಕಿತ್ತು. ಇವಳೇನು ಮಾಡಿದಳು? ಬದುವಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ ನಮ್ಮಜ್ಜಿಯನ್ನು ಕೈ ಹಿಡಿದು ಎಬ್ಬಿಸಿಕೊಂಡು ಬಂದಳು.

"ಇದು ನಮ್ಮ ಅಮ್ಮೂಮ್ಮ. ಈ ಹೂವೆಲ್ಲ ಕಳೆ ಕಿತ್ತು ಬೆಳೆಸಿದ್ದು ಇವರು. ಹೂವಿನ ಜೊತೆ ಫೋಟೋ ಬೇಕಂದ್ರೆ ಇವರ ಜೊತೆ ನಿಂತ್ಕಳಿ. ನಾನು ಬರೀ ಕೀಳೋಳು" ಎಂದಳು. ಅದರಲ್ಲಿ ಮಲಯಾಳಂ ಅಂತ ಇದ್ದದ್ದು 'ಅಮ್ಮೂಮ್ಮ' ಒಂದೇ. ಆದರೂ ಅವರಿಗೆ ಎಲ್ಲ ಅರ್ಥವಾಯಿತು.

ಅಜ್ಜಿ "ಥೂ, ಬುಡಮ್ಮಿ, ನನ್ ಮೂತಿ ಯಾರ್ ನೋಡಾರು" ಎನ್ನುತ್ತಲೇ ಸೆರಗು ಸರಿಮಾಡಿಕೊಂಡರು. ತೆಗೆದ ಫೋಟೋ ಹದಿನಾಲ್ಕು. ಹದಿನಾಲ್ಕರಲ್ಲೂ ಅಜ್ಜಿ. ಅವರು ಅಪ್ಪನ ಮೊಬೈಲಿಗೆ ಕಳಿಸಿದಾಗ ಒಂದೊಂದನ್ನೂ ಹಿಗ್ಗಿಸಿ ನೋಡಿದೆ. ಅಕ್ಕ ಇದ್ದದ್ದು ಏಳನೆಯದರಲ್ಲಿ ಮಾತ್ರ. ಇಡೀ ಅಕ್ಕ ಅಲ್ಲ, ಮೊಣಕೈ!

ಪ್ರಥಮ ಪಿಯುಸಿಯಲ್ಲಿ ಕಾಲೇಜಿಗೆ ಒಬ್ಬರು ಬಂದು ಮುಂದಿನ ಜೀವನದ ಬಗ್ಗೆ ಎರಡು ಗಂಟೆ ಹತ್ತು ನಿಮಿಷ ಭಾಷಣ ಮಾಡಿದರು. ಕೊನೆಗೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಮೇಲೆ 'ನನ್ನ ಕನಸು' ಎಂದು ಅಚ್ಚಾಗಿತ್ತು, ಕೆಳಗೆ ಖಾಲಿ ಗೆರೆಗಳು. ತುಂಬಿಸಿ ಕೊಟ್ಟ ಮೇಲೆ ಅವರು ಕೆಲವನ್ನು ಗಟ್ಟಿಯಾಗಿ ಓದತೊಡಗಿದರು. ಒಂದು ಹಾಳೆಗೆ ಬಂದವರೇ ಕನ್ನಡಕ ತೆಗೆದರು.

"'ಒಂದು ಸಲ ಲಿಫ್ಟಿನಲ್ಲಿ ಹೋಗಬೇಕು.' ಯಾರಮ್ಮ ಇದು ಬರೆದಿದ್ದು?"

ಅಕ್ಕ ಎದ್ದು ನಿಂತಳು.

"ಇಷ್ಟೇನಾ ನಿನ್ನ ಕನಸು?"

"ನಂದಲ್ಲ ಸಾರ್, ನಮ್ಮಜ್ಜೀದು. ಅವರಿಗೆ ಯಾರೂ ಹಾಳೆ ಕೊಟ್ಟಿಲ್ವಲ್ಲ, ಅದಕ್ಕೆ ನಂದ್ರಲ್ಲಿ ಬರ್ದೆ."

ಇಡೀ ಸಭೆ ನಕ್ಕಿತು. ಅವರೂ ನಕ್ಕರು. ನಾನಂತೂ ಬಿದ್ದು ಬಿದ್ದು ನಕ್ಕೆ. ಹಾಳೆ ಒಂದೇ ಇತ್ತಲ್ಲ, ಹಾಗಾದರೆ ಇವಳ ಕನಸು ಎಲ್ಲಿ ಬರೆದಳು ಎಂದು ಆ ಸಭೆಯಲ್ಲಿ ಯಾರಿಗೂ ತೋಚಲಿಲ್ಲ. ಲೆಕ್ಕದಲ್ಲಿ ಅಷ್ಟು ಚುರುಕಾದ ನನಗೂ ತೋಚಲಿಲ್ಲ.

ಅಜ್ಜಿ ಕೊನೆಗೂ ಲಿಫ್ಟ್ ಹತ್ತಿದರು. ದ್ವಿತೀಯ ಪಿಯುಸಿಯ ಡಿಸೆಂಬರಿನಲ್ಲಿ, ಚಾಮರಾಜನಗರದ ಆಸ್ಪತ್ರೆಯಲ್ಲಿ, ಸ್ಟ್ರೆಚರಿನ ಮೇಲೆ ಮಲಗಿಕೊಂಡು. ಉಸಿರಾಟದ ತೊಂದರೆ, ಕಾಲೆಲ್ಲ ಊದಿಕೊಂಡಿತ್ತು. ದೊಡ್ಡಮ್ಮ ಅಳುತ್ತಿದ್ದರು, ಅಮ್ಮ ಫೈಲು ಹುಡುಕುತ್ತಿದ್ದರು. ಅಕ್ಕ ಮಾತ್ರ ಲಿಫ್ಟ್ ನಡೆಸುವವನಿಗೆ ಪರಿಚಯ ಮಾಡಿಕೊಡುತ್ತಿದ್ದಳು! "ಅಣ್ಣ, ಇವರು ನಮ್ಮಜ್ಜಿ. ನಮ್ಮೂರಲ್ಲಿ ನಾಟಿ ಹಾಡು ಹೇಳೋದ್ರಲ್ಲಿ ಇವರೇ ಮೊದಲು. ಲಿಫ್ಟಲ್ಲಿ ಹೋಗ್ಬೇಕು ಅಂತ ಬಾಳ ವರ್ಷದಿಂದ ಆಸೆ ಇವರಿಗೆ. ಒಂಚೂರು ನಿಧಾನಕ್ಕೆ ಬುಡಣ್ಣ."

ಲಿಫ್ಟನ್ನು ನಿಧಾನ ಮಾಡುವ ಗುಂಡಿ ಇರುವುದಿಲ್ಲ. ಆ ಮನುಷ್ಯ ಒಂದು ಕ್ಷಣ ಯೋಚಿಸಿದ. ನಾವು ಇಳಿಯಬೇಕಾದದ್ದು ಎರಡನೇ ಮಹಡಿ. ಅವನು ಮೂರಕ್ಕೆ ಒತ್ತಿದ. ಮೇಲೆ ಹೋಗಿ, ಬಾಗಿಲು ತೆರೆದು, ಯಾರೂ ಇಳಿಯದೆ, ಬಾಗಿಲು ಮುಚ್ಚಿ, ಎರಡಕ್ಕೆ ಬಂದೆವು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಬಂತಾ?"

"ಬಂತು ಕಣಜ್ಜಿ."

"ಇಷ್ಟೇಯಾ?"

ಎಲ್ಲರೂ ನಕ್ಕುಬಿಟ್ಟೆವು, ದೊಡ್ಡಮ್ಮನೂ. ಅಜ್ಜಿ ತೀರಿಕೊಂಡದ್ದು ಅದಾದ ನಲವತ್ತಾರನೆಯ ದಿನ, ಮನೆಯಲ್ಲಿ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ. ದಿನಚರಿಯಲ್ಲಿ ಅಂದಿನ ಪುಟದಲ್ಲಿ ಸಮಯ ಬಿಟ್ಟು ಬೇರೇನೂ ಇಲ್ಲ.

ಈಗ ಹಾಸ್ಟೆಲಿಗೆ ಬರೋಣ. ಸಂದರ್ಶನಕ್ಕೆ ಹನ್ನೊಂದು ದಿನ ಇದ್ದಾಗ ಅಕ್ಕನನ್ನು ತಯಾರು ಮಾಡುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಯಾರೂ ವಹಿಸಲಿಲ್ಲ, ನಾನಾಗಿಯೇ ವಹಿಸಿಕೊಂಡೆ. ದೊಡ್ಡಪ್ಪನ ಮನೆ ಕೊಟ್ಟಿಗೆಯೇ ಸಂದರ್ಶನ ಕೊಠಡಿ. ಎಮ್ಮೆ, ಅದರ ಕರು ಮತ್ತು ನಾನು, ಮೂವರು ಸದಸ್ಯರ ಸಮಿತಿ. ಅವಳು ನಿಂತು "ನಾನು..." ಎಂದು ಶುರುಮಾಡಬೇಕು, ನಾನು ಗಡಿಯಾರ ನೋಡಬೇಕು.

ಮೊದಲ ದಿನ 'ನಾನು' ಉಳಿದದ್ದು ಆರು ಸೆಕೆಂಡು. "ನಾನು... ನಮ್ಮವ್ವನ ಮಗಳು. ನಮ್ಮವ್ವನಿಗೆ ಮಂಡಿನೋವು, ಆದ್ರೂ ಅವರು ರೊಟ್ಟಿ ತಟ್ಟೋದು ನೋಡಿದ್ರೆ..." ಹೋಯಿತು! ದೊಡ್ಡಮ್ಮನ ಪರಿಚಯ ಶುರು. ಒಟ್ಟು ಇಪ್ಪತ್ತಮೂರು ಸಲ ಅಭ್ಯಾಸ ಮಾಡಿಸಿದೆ. ಅತಿ ಹೆಚ್ಚು ಎಂದರೆ ಹದಿನಾಲ್ಕು ಸೆಕೆಂಡು. ಹದಿನೈದನೆಯ ಸೆಕೆಂಡಿಗೆ ಎಮ್ಮೆಯ ಪರಿಚಯಕ್ಕೆ ಹೋದಳು.

"ಹೋಗ್ಲಿ, ನಿನ್ನ ಹವ್ಯಾಸ ಏನು ಹೇಳು" ಎಂದೆ.

"ಹಂಗಂದ್ರೆ?"

"ಯಾರೂ ಹೇಳ್ದೇ ಇದ್ರೂ ನೀನಾಗೇ ಮಾಡೋ ಕೆಲಸ."

ಅವಳು ಎಮ್ಮೆಯ ಮುಂದೆ ಹುಲ್ಲು ಎಳೆದು ಹಾಕುತ್ತಾ ಯೋಚಿಸಿದಳು. "ಯಾರೂ ಹೇಳ್ದೇ ಇರೋ ಕೆಲ್ಸ ಅಂತ ನಮ್ಮನೇಲಿ ಯಾವ್ದೂ ಉಳ್ದಿಲ್ವಲ್ಲ ಕಣಮ್ಮಿ!"

ಇದಕ್ಕೆ ನಾನು ನಗಬೇಕಿತ್ತೇ? ನಕ್ಕೆ. ನಕ್ಕು, ನಾಲ್ಕು ವಾಕ್ಯ ನಾನೇ ಬರೆದುಕೊಟ್ಟೆ. ಹೆಸರು ಇಂಥದ್ದು, ಊರು ಇಂಥದ್ದು. ಪುಸ್ತಕಗಳನ್ನು ಓದುವುದು ನನ್ನ ಹವ್ಯಾಸ. ಐಎಎಸ್ ಅಧಿಕಾರಿಯಾಗಿ ಬಡವರ ಸೇವೆ ಮಾಡುವುದು ನನ್ನ ಗುರಿ. ಪಠ್ಯ ಬಿಟ್ಟು ಅವಳು ಓದಿದ್ದು, ನನ್ನ ಲೆಕ್ಕದಲ್ಲಿ, ಒಂದೇ ಒಂದು ಪುಸ್ತಕ: ಪ್ರೆಷರ್ ಕುಕ್ಕರಿನ ಡಬ್ಬದಲ್ಲಿ ಬಂದದ್ದು. ಇರಲಿ, ಸಂದರ್ಶನಕ್ಕೆ ಯಾರು ನಿಜ ಹೇಳುತ್ತಾರೆ?

ಪಡಸಾಲೆಯಲ್ಲಿ ಕೂತಿದ್ದ ದೊಡ್ಡಪ್ಪ ಕೂಗಿದರು: "ಏನಮ್ಮಿ ಅದು ರಾಗ? ನಾಕ್ ಮಾತಾಡಕ್ಕೆ ಹನ್ನೊಂದ್ ದಿವ್ಸಾನಾ? ನಾನ್ ಹನ್ನೊಂದ್ ದಿವ್ಸದಲ್ಲಿ ಎಷ್ಟ್ ಲಾರಿ ಈರುಳ್ಳಿ ತೂಗ್ತೀನಿ ಗೊತ್ತಾ?"

"ಈರುಳ್ಳಿ ಬಾಯ್ಬುಡಂಗಿಲ್ವಲ್ಲಪ್ಪ, ಸುಮ್ಕೆ ತೂಗುಸ್ಕತದೆ!" ಎಂದಳು ಅಕ್ಕ.

ಅಂತೂ ಬಾಯಿಪಾಠ ಆಯಿತು. ಜೂನ್ ತಿಂಗಳ ಎರಡನೇ ಶುಕ್ರವಾರ ಬಸ್ಸಿನಲ್ಲಿ ಚಾಮರಾಜನಗರ ತಲುಪುವಷ್ಟರಲ್ಲಿ, ಕಿಟಕಿ ಪಕ್ಕ ಕೂತು ನಿಂಬೆಹಣ್ಣು ಮೂಸುತ್ತಾ, ಮೂರು ಸಲ ಒಪ್ಪಿಸಿದಳು. ಒಂದು ಅಕ್ಷರ ಆಚೀಚೆ ಆಗಲಿಲ್ಲ.

ಹಾಸ್ಟೆಲಿನ ಊಟದ ಹಾಲಿನಲ್ಲಿ ಬೆಂಚು ಹಾಕಿ ನಮ್ಮನ್ನು ಸಾಲಾಗಿ ಕೂರಿಸಿದರು. ಆರು ಹುಡುಗಿಯರು. ನಾನು ಐದನೆಯವಳು, ಅಕ್ಕ ಆರನೆಯವಳು. ಮೇಜಿನ ಆಚೆ ಮೂವರು: ವಾರ್ಡನ್ ಮೇಡಂ, ಕಾಲೇಜಿನ ಒಬ್ಬರು ಲೆಕ್ಚರರ್, ಟ್ರಸ್ಟಿನ ಒಬ್ಬರು ವಯಸ್ಸಾದ ಯಜಮಾನರು. ಮೊದಲ ನಾಲ್ವರಲ್ಲಿ ಮೂವರು ಐಎಎಸ್. ಒಬ್ಬಳು ಮಾತ್ರ, ಸಂತೆಮರಹಳ್ಳಿಯವಳು, ನರ್ಸ್ ಎಂದಳು.

ನನ್ನ ಸರದಿ ಬಂತು. ನಾನು ಎದ್ದೆ. ಹೆಸರು ಹೇಳಿದೆ. ಊರು ಹೇಳಿದೆ. ಆಮೇಲೆ ಏನೂ ಬರಲಿಲ್ಲ. ಹನ್ನೊಂದು ದಿನ ಅವಳಿಗೆ ಹೇಳಿಕೊಟ್ಟವಳು ನಾನು, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ! ಎದುರುಗೋಡೆಯ ಗಡಿಯಾರದಲ್ಲಿ ಇಪ್ಪತ್ತೆರಡು ಸೆಕೆಂಡು ಕಳೆದದ್ದು ಎಣಿಸಿದೆ. ಅದನ್ನು ಬಿಟ್ಟು ಬೇರೇನೂ ಮಾಡಲು ತಿಳಿಯಲಿಲ್ಲ. ಕಣ್ಣು ತುಂಬಿಕೊಂಡಿತ್ತು.

ಪಕ್ಕದಲ್ಲಿ ಅಕ್ಕ ಎದ್ದಳು. "ಸಾರ್, ಇವಳ ವಿಷಯ ನಾನ್ ಹೇಳ್ಲಾ?"

"ಹಂಗೆಲ್ಲ ಮಾಡಂಗಿಲ್ಲಮ್ಮ" ಎಂದರು ವಾರ್ಡನ್.

"ಹೇಳ್ಲಿ ಬಿಡಿ ಮೇಡಂ, ಕೇಳೋಣ" ಎಂದರು ಯಜಮಾನರು.

ಮೂವತ್ತೆರಡನೆಯ ಸಲ! ಅವಳು ಸೆರಗಿನಂತೆ ದುಪ್ಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಶುರುಮಾಡಿದಳು.

"ಇವಳು ಎಲ್ಲಾನೂ ಬರ್ದಿಡ್ತಾಳೆ ಸಾರ್. ಮಳೆ ಎಷ್ಟ್ ಹೊತ್ತು ಹುಯ್ತು, ಬಸ್ ಎಷ್ಟ್ ನಿಮಿಷ ಲೇಟು, ಎಲ್ಲಾನೂ. ಊರಲ್ಲೆಲ್ಲ ನಗ್ತಾರೆ, ನಾನೂ ನಗ್ತೀನಿ. ನಮ್ಮಜ್ಜಿಗೆ ಹುಷಾರು ತಪ್ಪಿದಾಗ ಯಾವ ಹೊತ್ತಿಗೆ ಏನ್ ತಿಂದ್ರು, ಯಾವಾಗ ಉಸಿರು ಕಟ್ತು, ಯಾವ ಮಾತ್ರೆ ನುಂಗಿದ್ ಮೇಲೆ ಕಾಲು ಊದ್ತು, ಹದಿನೆಂಟು ದಿನ ಕೂತ್ಕಂಡು ಬರ್ದಿದ್ಲು. ಡಾಕ್ಟ್ರು ನಮ್ಮಪ್ಪನ್ನ ಕೇಳ್ನಿಲ್ಲ, ನಮ್ಮವ್ವನ್ನ ಕೇಳ್ನಿಲ್ಲ. ಆ ಪುಸ್ತಕ ಕೊಡಮ್ಮ ಅಂದ್ರು. ಓದಿ, ಮಾತ್ರೆ ಬದಲಾಯ್ಸಿದ್ರು. ನಮ್ಮಜ್ಜಿ ಮನೆಗೆ ಬಂದು ಇನ್ನೊಂದ್ ತಿಂಗಳು ನಮ್ ಜೊತೆ ಇದ್ದಿದ್ದು ಇವಳ ಪುಸ್ತಕದಿಂದ ಸಾರ್. ಬ್ಯಾಂಕ್ ಮ್ಯಾನೇಜರ್ ಆಗ್ತೀನಿ ಅಂತ ಎಲ್ಲರ ಹತ್ರ ಅಂತಾಳೆ, ಅದು ಸುಳ್ಳು. ಇವಳಿಗೆ ಸ್ಟ್ಯಾಟಿಸ್ಟಿಕ್ಸ್ ಓದ್ಬೇಕು ಅಂತ ಆಸೆ. ಆ ಪದ ಅಂದ್ರೆ ಮನೇಲಿ ಯಾರಿಗೂ ತಿಳಿಯಲ್ಲ ಅಂತ ಬಾಯಿ ಬಿಟ್ಟಿಲ್ಲ."

ನಾನು ಆ ಪದವನ್ನು ಯಾರ ಮುಂದೆಯೂ ಆಡಿರಲಿಲ್ಲ. ಅವಳ ಮುಂದೆಯೂ.

ಲೆಕ್ಚರರ್ ಪೆನ್ನು ಎತ್ತಿ ಏನೋ ಬರೆದುಕೊಂಡರು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ನಾನು ಕೂತೆ. ವಾರ್ಡನ್ ಮೇಡಂ ನಗುತ್ತಾ, "ಸರಿನಮ್ಮ, ಈಗ ನಿನ್ನ ವಿಷಯ ಹೇಳು" ಎಂದರು.

ಅಕ್ಕ ನಿಂತೇ ಇದ್ದಳು. ತಿರುಗಿ ನನ್ನ ಮುಖ ನೋಡಿದಳು. ಮರೆತಿರಬೇಕು, ಎತ್ತಿಕೊಡು ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಬರೆದುಕೊಟ್ಟ ಮೊದಲ ವಾಕ್ಯಕ್ಕೆ ತುಟಿ ಆಡಿಸಿ ತೋರಿಸಿದೆ. ಅವಳು ಇನ್ನೂ ನೋಡುತ್ತಲೇ ಇದ್ದಳು. ಎರಡನೇ ವಾಕ್ಯಕ್ಕೂ ತುಟಿ ಆಡಿಸಿದೆ. ಆಮೇಲೆ ಅವಳು ಮೇಜಿನ ಕಡೆ ತಿರುಗಿದಳು.

"ನಾನು ಇವಳ ದೊಡ್ಡಮ್ಮನ ಮಗಳು ಸಾರ್."

ಕೂತುಬಿಟ್ಟಳು. ಅಷ್ಟೇ! ಮೂವರೂ ಇನ್ನೇನೋ ಬರುತ್ತದೆ ಎಂದು ಕಾದರು. ಬರಲಿಲ್ಲ.

ಸೀಟು ನನಗೆ ಬಂತು. ಬಸ್ ಪಾಸ್ ಮಾಡಿಸಿಕೊಟ್ಟು ಹೇಗೋ ನನ್ನನ್ನು ಓದಿಸುತ್ತಿದ್ದ ಅಪ್ಪ ನನಗಿದ್ದಾರೆ. ಆ ಸೀಟು ಬಿಟ್ಟರೆ ಬೇರೆ ದಾರಿಯೇ ಇಲ್ಲದವಳು ಅವಳು. ಬಂದದ್ದು ನನಗೆ. ಬುಧವಾರ ಒಬ್ಬಳೇ ಚಾಮರಾಜನಗರಕ್ಕೆ ಹೋಗಿ ವಾರ್ಡನ್ ಮೇಡಂ ಎದುರು ನಿಂತು, ಇದು ನನಗೆ ಬೇಡ, ನಮ್ಮಕ್ಕನಿಗೆ ಕೊಡಿ ಎಂದೆ. ಅವರು ಪಟ್ಟಿ ತಿರುಗಿಸಿ ತೋರಿಸಿದರು. "ನೀನು ಬಿಟ್ರೆ ಎರಡನೆಯವಳಿಗೆ ಹೋಗುತ್ತಮ್ಮ. ಅವಳೂ ಬಿಟ್ರೆ ಮೂರನೆಯವಳಿಗೆ. ನಿಮ್ಮಕ್ಕ ಆರನೆಯವಳು." ಲೆಕ್ಕ ನನಗೆ ಬೇರೆಯವರು ಬಿಡಿಸಿ ಹೇಳಬೇಕಿಲ್ಲ. ವಾಪಸ್ ಬಂದೆ.

ದೊಡ್ಡಪ್ಪ ಸುದ್ದಿ ಕೇಳಿ, "ಯಾರಿಗ್ ಬಂದ್ರೇನು ಬುಡು, ಮನೆ ಉಡ್ಗೀಗೇ ಬಂತಲ್ಲ" ಎಂದರು. ಅಂದು ಮಧ್ಯಾಹ್ನ ಎರಡು ಮುದ್ದೆ ಉಣ್ಣುವವರು ಒಂದೇ ಉಂಡು ಎದ್ದರಂತೆ. ದೊಡ್ಡಮ್ಮ ಹೇಳಿದರು, ಬರೆದಿಟ್ಟಿದ್ದೇನೆ. ಅಕ್ಕ ಏನು ಮಾಡಿದಳು? ನನ್ನ ಟ್ರಂಕಿಗೆ ಹೊಸ ಬೀಗ ತಂದುಕೊಟ್ಟಳು. "ಹಾಸ್ಟೆಲಲ್ಲಿ ಕೊಬ್ಬರಿ ಎಣ್ಣೆ ಕದೀತಾರಂತೆ. ಕದ್ರೆ ಎಷ್ಟ್ ಹನಿ ಅಂತ ಬರ್ದಿಡ್ಬೇಡ, ಬೀಗ ಹಾಕು" ಎಂದಳು.

ಜುಲೈ ಮೊದಲ ವಾರದಿಂದ ಅವಳು ಬದನ‌ಗುಪ್ಪೆಗೆ ಹೋಗುತ್ತಿದ್ದಾಳೆ. ಕಾರ್ಖಾನೆಯ ಬಸ್ಸು ನಮ್ಮೂರ ತಿರುವಿನಲ್ಲಿ ಬೆಳಿಗ್ಗೆ ಆರು ನಲವತ್ತಕ್ಕೆ ನಿಲ್ಲುತ್ತದೆ. ಭಾನುವಾರ ಮನೆಗೆ ಬಂದ ನಾನು ಸೋಮವಾರ ಹಾಸ್ಟೆಲಿಗೆ ಮರಳುವ ಬಸ್ಸು ಏಳು ಹತ್ತಕ್ಕೆ. ಅವಳನ್ನು ಹತ್ತಿಸಿ ಹೋಗೋಣವೆಂದು ನಾನು ಮೊದಲೇ ಬಂದು ನಿಲ್ಲುತ್ತೇನೆ. ನಾಲ್ಕು ಸೋಮವಾರ ಹಾಗೆ ನಿಂತೆವು. ಅವಳ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಅವಳು ನನ್ನ ಪಾಠಗಳ ಬಗ್ಗೆ ಕೇಳಿದಳು, ನಾನು ಹೇಳಿದೆ. ನನಗೆ ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ. ಅದನ್ನು ನಾಲ್ಕು ಸಲವೂ ಕೇಳಲಿಲ್ಲ.

ಐದನೆಯ ಸೋಮವಾರ ಕೇಳಿದೆ. ಮೋಡ ಕವಿದಿತ್ತು, ಕೇರಳದ ಕಡೆಯಿಂದ ಖಾಲಿ ಲಾರಿಗಳು ಬರುತ್ತಿದ್ದವು.

"ಅಕ್ಕ, ಅವತ್ತು ಆ ನಾಲ್ಕು ಸಾಲು ಮರೆತು ಹೋಗಿತ್ತಾ?"

"ಇಲ್ಲ ಕಣಮ್ಮಿ. ಈಗ್ಲೂ ಬತ್ತದೆ, ಯೋಳ್ಲಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅದ್ರಲ್ಲಿರೋಳು ನಾನಲ್ವಲ್ಲ. ಪುಸ್ತಕ ಓದಿ ಐಎಎಸ್ ಆಗೋಳು ಯಾರೋ ಪಾಪ. ಅವಳ ಸುದ್ದಿ ನಾನ್ ಹೆಂಗ್ ಯೋಳ್ಲಿ?" ನಕ್ಕಳು.

"ನಿಂದು ನೀನೇ ಹೇಳ್ಬೋದಿತ್ತಲ್ಲ?"

"ನನ್ನ ವಿಷಯ ನಂಗೇನ್ ಗೊತ್ತು? ಕನ್ನಡಿ ಹಿಡ್ಕಂಡು ಕೂತಿದ್ನಾ?" ಅವಳು ಊಟದ ಡಬ್ಬಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ರಸ್ತೆಯ ಕಡೆ ನೋಡುತ್ತಾ, ಬಸ್ಸು ಲೇಟು ಎನ್ನುವ ದನಿಯಲ್ಲೇ ಅಂದಳು: "ನೀನು ಎದ್ದೇಳ್ತೀಯ ಅನ್ಕಂಡಿದ್ದೆ ಕಣಮ್ಮಿ."

ಅವಳು ಆ ಹಾಲಿನಲ್ಲಿ ನನ್ನ ಮುಖ ನೋಡಿದ್ದು ವಾಕ್ಯ ಎತ್ತಿಕೊಡಲಿ ಎಂದಲ್ಲ. ಐದು ವರ್ಷದಿಂದ ಪಕ್ಕದಲ್ಲಿ ಕೂತವಳು ಈಗಲಾದರೂ ಎದ್ದು, ಸಾರ್, ಇವಳ ವಿಷಯ ನಾನ್ ಹೇಳ್ಲಾ ಎನ್ನುತ್ತಾಳೆಂದು ಕಾದಿದ್ದಳು. ನಾನು ತುಟಿ ಆಡಿಸುತ್ತಾ ಕೂತಿದ್ದೆ. ಎದ್ದಿದ್ದರೂ ಏನು ಹೇಳುತ್ತಿದ್ದೆ? ಅವಳು ಯಾರು ಯಾರ ಪರಿಚಯ ಎಷ್ಟು ಸಲ ಮಾಡಿದಳು ಎಂಬ ಲೆಕ್ಕ ಹೇಳುತ್ತಿದ್ದೆನೇ?

ಕಾರ್ಖಾನೆಯ ಬಸ್ಸು ಬಂದು ನಿಂತಿತು. ಕಿಟಕಿಗಳ ತುಂಬ ಹುಡುಗಿಯರು, ನಮ್ಮದೇ ವಯಸ್ಸಿನವರು. ಅಕ್ಕ ಮೆಟ್ಟಿಲು ಹತ್ತುವಾಗ ಮುಂದಿನ ಕಿಟಕಿಯಿಂದ ಒಬ್ಬಳು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, "ಓ, ಲೆಕ್ಕ ಬರೆಯೋ ತಂಗಿ ಇವಳೇನಾ? ಸ್ಟ್ಯಾಟಿಸ್ಟಿಕ್ಸು!" ಎಂದು ಕೂಗಿದಳು. ಹಿಂದಿನ ಕಿಟಕಿಗಳಲ್ಲೂ ತಲೆಗಳು ಹೊರಬಂದವು. ಎಲ್ಲರಿಗೂ ನಾನು ಗೊತ್ತು! ಡ್ರೈವರ್ ಕೂಡ ಬಗ್ಗಿ ನೋಡಿ ನಕ್ಕ.

ಬಾಗಿಲು ಮುಚ್ಚಿತು. ಅಕ್ಕ ಒಳಗೆ ಎರಡು ಸೀಟುಗಳ ನಡುವೆ ಕಂಬಿ ಹಿಡಿದು ನಿಂತದ್ದು ಕಾಣುತ್ತಿತ್ತು. ಬಸ್ಸು ಹೊರಟಿತು. ಆಗ ನಾನು ಓಡಿದೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಅದಕ್ಕೆ ಮೊದಲು ಬಂದ ದಾಖಲೆಯಿಲ್ಲ.

"ಅವಳಿಗೆ ಕಿಟಕಿ ಪಕ್ಕ ಸೀಟು ಬಿಟ್ಕೊಡ್ರೇ! ಬಸ್ಸಲ್ಲಿ ತಲೆ ಸುತ್ತುತ್ತೆ ಅವಳಿಗೆ! ಯಾರಿಗೂ ಹೇಳಲ್ಲ, ಹಲ್ಲು ಕಚ್ಕೊಂಡು ನಿಂತಿರ್ತಾಳೆ! ಇಳಿದ ಮೇಲೆ ಒಬ್ಬಳೇ ಮೂಲೇಲಿ ಕೂತ್ಕೋತಾಳೆ! ನಿಂಬೆಹಣ್ಣು ಅಂದ್ರೆ ಇಷ್ಟ! ಅವಳಿಗೆ..."

ಉಸಿರು ಕಟ್ಟಿತು. ಬಸ್ಸು ತಿರುವು ತೆಗೆದುಕೊಳ್ಳುತ್ತಾ ನಿಧಾನವಾಯಿತು. ಒಳಗೆ ಒಬ್ಬಳು ಎದ್ದು ಜಾಗ ಬಿಡುವುದು ಕಂಡಿತು. ಆ ಕಿಟಕಿಯಲ್ಲಿ ಅಕ್ಕ ಕೂತಳು. ನನ್ನ ಕಡೆ ತಿರುಗಲಿಲ್ಲ. ಪಕ್ಕದವಳು ಅವಳನ್ನು ಏನೋ ಕೇಳುತ್ತಿದ್ದಳು, ಅಕ್ಕ ದುಪ್ಪಟ್ಟಾದಲ್ಲಿ ಮುಖ ಒರೆಸಿಕೊಳ್ಳುತ್ತಾ ಹೌದು ಹೌದು ಎಂದು ತಲೆ ಆಡಿಸುತ್ತಿದ್ದಳು.